ನಿದ್ದೆಗೆ ತಗೊಂಡ ಮಾತ್ರೆ, 1989 (ಹಳೇ ಕಥೆ, ಭಾಗ 7)

ಎಲ್-ಟ್ರಿಪ್ಟೊಫಾನ್ ಹೆಸರು ಕೇಳಿದ್ದೀರಾ? ಹಾಲು, ಮೊಟ್ಟೆಯಲ್ಲೂ ಇರೋ ಅಮೈನೋ ಆಮ್ಲ. 80ರ ದಶಕದ ಅಮೆರಿಕದಲ್ಲಿ ನಿದ್ದೆಗೆ, ಟೆನ್ಶನ್‌ಗೆ ಅಂತ ಜನ ಇದರ ಮಾತ್ರೆ ನುಂಗ್ತಿದ್ರು. ಡಾಕ್ಟರ್ ಚೀಟಿನೂ ಬೇಕಿರಲಿಲ್ಲ.

1989ರ ಅಕ್ಟೋಬರ್. ನ್ಯೂ ಮೆಕ್ಸಿಕೊದ ಮೂವರು ಹೆಂಗಸರಿಗೆ ವಿಪರೀತ ಸ್ನಾಯುನೋವು, ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಬಿಳಿಕಣಗಳು ಏರಿದ್ವು. ಮೂವರೂ ತಗೊಳ್ತಿದ್ದದ್ದು ಇದೇ ಮಾತ್ರೆ! ನವೆಂಬರ್‌ನಲ್ಲಿ ಎಫ್‌ಡಿಎ ಮಾರುಕಟ್ಟೆಯಿಂದ ವಾಪಸ್ ತರಿಸಿತು. ಒಟ್ಟು 1,500ಕ್ಕೂ ಹೆಚ್ಚು ಜನರಿಗೆ ಕಾಯಿಲೆ, 30ಕ್ಕೂ ಹೆಚ್ಚು ಸಾವು.

ಜಾಡು ಹಿಡಿದು ಹೋದ್ರೆ ಸಿಕ್ಕಿದ್ದು ಜಪಾನಿನ ಶೋವಾ ಡೆಂಕೊ ಕಂಪನಿ. ಅಲ್ಲಿ ತಯಾರಿಕೆಗೆ ಬಳಸೋ ಬ್ಯಾಕ್ಟೀರಿಯಾ ತಳಿ ಬದಲಾಗಿತ್ತು, ಶುದ್ಧ ಮಾಡೋ ಇದ್ದಿಲಿನ ಪುಡಿಯನ್ನೂ ಕಡಿಮೆ ಮಾಡಿದ್ರು. (ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಇದರ ಫಲಕ್ಕೆ ಕಾಲಂ ಇಲ್ಲ.) ಮಾತ್ರೆಯಲ್ಲಿ ಕಲ್ಮಶಗಳು ಸಿಕ್ಕಿದ್ವು; ಅದೊಂದೇ ಕಾರಣವಾ ಅನ್ನೋ ವಾದ ಮುಗಿದಿಲ್ಲ. ಮುಂದೆ ನಿರ್ಬಂಧ ಸಡಿಲವಾಗಿ, ಮಾತ್ರೆ ಮತ್ತೆ ಅಂಗಡಿಗೆ ಬಂತು.