ಪಿಂಗ್

ಪಿಂಗ್ ಎಂಬುದು ಇಂಗ್ಲಿಷಿನ ಒಂದು ಅನುಕರಣ ಶಬ್ದ. ಲೋಹಕ್ಕೋ ಗಾಜಿಗೋ ಏನಾದರೂ ತಾಗಿದಾಗ ಹೊಮ್ಮುವ, ಗಳಿಗೆ ಮಾತ್ರ ಅನುರಣಿಸುವ ತಾರಸ್ವರದ ಸದ್ದು ಇದರ ಮೂಲಾರ್ಥ. ಲ್ಯಾಟಿನ್, ಗ್ರೀಕ್ ಧಾತುಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕಿವಿಗೆ ಬಿದ್ದದ್ದೇ ಮಾತಾಗಿದೆ. 19ನೆಯ ಶತಮಾನದಲ್ಲಿ ಇದನ್ನು ಹೆಚ್ಚಾಗಿ ಹೇಳುತ್ತಿದ್ದದ್ದು ಬಂದೂಕಿನ ಗುಂಡಿನ ಸದ್ದಿಗೆ.

ಆ ಶತಮಾನದ ಕೊನೆಗೆ ಇಂಗ್ಲೆಂಡಿನ ದಿವಾನಖಾನೆಗಳಲ್ಲಿ ಊಟದ ಮೇಜಿನ ಮೇಲೊಂದು ಆಟ ಶುರುವಾಯಿತು. ಚರ್ಮ ಬಿಗಿದ ಬ್ಯಾಟಿಗೆ ಟೊಳ್ಳು ಸೆಲ್ಯುಲಾಯ್ಡ್ ಚೆಂಡು ಬಡಿದರೆ ಒಂದು ಸದ್ದು, ಮೇಜಿಗೆ ಬಡಿದರೆ ಇನ್ನೊಂದು. ಅದರಿಂದ ‘ಪಿಂಗ್‌ಪಾಂಗ್’ ಎಂಬ ಹೆಸರು ಹುಟ್ಟಿತು, ವ್ಯಾಪಾರ ಮುದ್ರೆಯೂ ಆಯಿತು. ಒಬ್ಬರ ಸೊತ್ತಾದ ಹೆಸರನ್ನು ಎಲ್ಲರೂ ಬಳಸುವಂತಿರಲಿಲ್ಲ. 1926ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಒಕ್ಕೂಟದ ಹೆಸರಿನಲ್ಲಿರುವುದು ‘ಟೇಬಲ್ ಟೆನಿಸ್’.

ಪದದ ಹಣೆಬರಹ ಬದಲಾದದ್ದು ಸಮುದ್ರದಲ್ಲಿ. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಹಡಗುಗಳು ಸೋನಾರ್ ಯಂತ್ರದಿಂದ ನೀರಿಗೆ ಧ್ವನಿಯ ತುಣುಕೊಂದನ್ನು ಬಿಟ್ಟು ಪ್ರತಿಧ್ವನಿಗೆ ಕಾಯುತ್ತವೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಪ್ರತಿಧ್ವನಿ ಬರಲು 2 ಸೆಕೆಂಡ್ ಹಿಡಿದರೆ, ಹೋಗಿ ಬರುವ ದಾರಿಯಲ್ಲಿ ಅರ್ಧ ಕಳೆದು, ಎದುರಿನ ವಸ್ತು 1,500 ಮೀಟರ್ ದೂರದಲ್ಲಿದೆ ಎಂದು ಲೆಕ್ಕ. ಎರಡನೆಯ ಮಹಾಯುದ್ಧದ ನಾವಿಕರ ಬಾಯಲ್ಲಿ ಆ ತುಣುಕು ‘ಪಿಂಗ್’ ಆಯಿತು. ಬರಿಯ ಸದ್ದಾಗಿದ್ದ ಪದಕ್ಕೆ ‘ಕೂಗಿ, ಓಗೊಡುತ್ತಾರೋ ನೋಡು’ ಎಂಬ ಅರ್ಥ ಅಂಟಿಕೊಂಡದ್ದು ಇಲ್ಲಿಂದಲೇ.

1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್, ಜಾಲದ ದೋಷ ಹುಡುಕಲು ಚಿಕ್ಕದೊಂದು ಪ್ರೋಗ್ರಾಂ ಬರೆದರು. ಅದು ದೂರದ ಕಂಪ್ಯೂಟರಿಗೆ ಸಂದೇಶ ಕಳಿಸಿ, ಮರುಸಂದೇಶ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ತೋರಿಸುತ್ತದೆ. ವಿದ್ಯಾರ್ಥಿಯಾಗಿದ್ದಾಗ ಸೋನಾರ್ ಮಾದರಿಗಳ ಮೇಲೆ ಕೆಲಸ ಮಾಡಿದ್ದ ಮ್ಯೂಸ್ ಅದೇ ಸದ್ದಿನ ಹೆಸರಿಟ್ಟರು. ಇದೊಂದು ಉದ್ದದ ಹೆಸರಿನ ಮೊದಲಕ್ಷರಗಳ ಸಂಕ್ಷೇಪ ಎಂಬ ಮಾತು ಆಮೇಲೆ ಕಟ್ಟಿದ್ದು, ಅದನ್ನು ನಂಬಬೇಕಿಲ್ಲ. ಆನ್‌ಲೈನ್ ಆಟಗಾರರು ‘ಪಿಂಗ್ ಜಾಸ್ತಿಯಿದೆ’ ಎಂದು ಗೊಣಗುವುದು ಈ ಮಿಲಿಸೆಕೆಂಡುಗಳ ಬಗ್ಗೆಯೇ.

ಅಲ್ಲಿಂದ ಪದ ಕಚೇರಿಗೆ ಬಂದು, ಚುಟುಕು ಸಂದೇಶ ಕಳಿಸುವುದೆಂಬ ಅರ್ಥ ಪಡೆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ‘ಆಮೇಲೆ ಪಿಂಗ್ ಮಾಡ್ತೀನಿ’ ಎಂಬುದು ದಿನನಿತ್ಯದ ಮಾತು. ಕನ್ನಡದ ಅನುಕರಣಗಳು ಠಣ್ಣನೆ, ರಪ್ಪನೆ ಎಂದು ನಿಂತರೆ, ಇದು ‘ಮಾಡು’ವಿನ ಜೊತೆಗೇ ಬಂದಿದೆ, ‘ಪಿಂಗನೆ’ ಎನ್ನುವವರಿಲ್ಲ.