ಅಜ್ಜಿ ಹೇಳಿದ್ದು, ಗೋಡೆ ಉಳಿಸಿದ್ದು

1970ರಲ್ಲಿ ಲಾಸ್ ಏಂಜಲೀಸ್‌ನ ಹಾಲೆನ್‌ಬೆಕ್ ಪಾರ್ಕಿನ ಬಯಲು ವೇದಿಕೆಯ ಮೇಲೆ ಕಲಾವಿದೆ ಜೂಡಿ ಬಾಕಾ ಬರೆಸಿದ್ದು ತೋಳು ಚಾಚಿ ಕೂತ ಅಜ್ಜಿಯೊಬ್ಬಳ ಚಿತ್ರ. ಬಣ್ಣ ಬಳಿದವರು ಪರಸ್ಪರ ಹಗೆಯ ಗ್ಯಾಂಗುಗಳ ಹುಡುಗರು. ಯಾವುದೋ ಒಂದು ಬೀದಿಯ ವೀರನನ್ನು ಬರೆದಿದ್ದರೆ ಜಗಳವಾಗುತ್ತಿತ್ತೋ ಏನೋ. ಅಜ್ಜಿ ಎಲ್ಲರಿಗೂ ಅಜ್ಜಿಯೇ.

ಅದೇ ನಗರದಲ್ಲಿ ಟುಜುಂಗಾ ಎಂಬ ಹಳ್ಳವಿತ್ತು. ಪ್ರವಾಹ ತಡೆಯಲು ಸೇನೆಯ ಎಂಜಿನಿಯರುಗಳು ಅದನ್ನು ಕಾಂಕ್ರೀಟ್ ಕಾಲುವೆ ಮಾಡಿದ್ದರು. ಅದನ್ನು ಚಂದಗಾಣಿಸಲು 1974ರಲ್ಲಿ ಅವರೇ ಬಾಕಾ ಅವರನ್ನು ಕೇಳಿಕೊಂಡರು. ಬಾಕಾ ಅಲ್ಲಿ ಬರೆಸಿದ್ದು ಹೂಬಳ್ಳಿಯನ್ನಲ್ಲ, ಕ್ಯಾಲಿಫೋರ್ನಿಯಾದ ಚರಿತ್ರೆಯನ್ನು. ಶಾಲೆಯ ಪಾಠ ಸಾಲದೆ ಇತಿಹಾಸಕಾರರನ್ನೂ ಊರಿನ ಹಿರಿಯರನ್ನೂ ಕೇಳಿದರು. 1930ರ ದಶಕದಲ್ಲಿ ಮೆಕ್ಸಿಕೋಗೆ ಅಟ್ಟಲ್ಪಟ್ಟ ಕುಟುಂಬಗಳು, ಯುದ್ಧಕಾಲದಲ್ಲಿ ಶಿಬಿರಗಳಿಗೆ ದೂಡಲ್ಪಟ್ಟ ಜಪಾನೀ ಮೂಲದವರು, ಬೇಸ್‌ಬಾಲ್ ಸ್ಟೇಡಿಯಂ ಎದ್ದ ಚಾವೆಜ್ ರವೀನ್‌ನಿಂದ ಎತ್ತಂಗಡಿಯಾದ ಮನೆಗಳು: ಮನೆಮಂದಿಯ ನೆನಪಿನಲ್ಲಷ್ಟೇ ಇದ್ದದ್ದು ಹಗಲು ಬೆಳಕಿಗೆ ಬಂತು.

1976ರಿಂದ ಐದು ಬೇಸಿಗೆ, 400ಕ್ಕೂ ಹೆಚ್ಚು ಹದಿಹರೆಯದವರು, ಸುಮಾರು 840 ಮೀಟರ್ ಗೋಡೆ. ಕಥೆ 1950ರ ದಶಕಕ್ಕೆ ಬಂದು ನಿಂತಿತು. ಅಂದು ಕುಂಚ ಹಿಡಿದವರೇ ಈಗ ಅಜ್ಜ-ಅಜ್ಜಿಯರಾಗುವ ವಯಸ್ಸಿನವರು. 1960ರ ದಶಕವನ್ನು ಬರೆಯುವ ಕೆಲಸ ಈಚೆಗೆ ಶುರುವಾಗಿದೆ.