ಕರುಳು ಬಲ್ಲ ಮನಸ್ಸಿನ ನೋವು

ಬೀದರ್ ಜಿಲ್ಲೆಯ ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ ಮಾರ್ಗಶಿರ ಮಾಸ ಬಂತೆಂದರೆ ಎರಡು ಹಬ್ಬಗಳ ಸಡಗರ. ಹುಣ್ಣಿಮೆಗೆ ದತ್ತ ಜಯಂತಿ. ಸಕಲಮತ ಸಂಪ್ರದಾಯದ ಸ್ಥಾಪಕರಾದ ಮಾಣಿಕಪ್ರಭುಗಳು (1817–1865) ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದ್ದೂ ಅದೇ ತಿಥಿಯಂದು. ಅದಾಗಿ ಹದಿನೈದು ದಿನಕ್ಕೆ ಎಳ್ಳಮಾವಾಸ್ಯೆ. ಅಂದು ಸುತ್ತಲ ಸೀಮೆಯ ರೈತ ಕುಟುಂಬಗಳೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೊರಡುತ್ತವೆ. ಮೊದಲನೆಯದು ಗುರುವಿನ ಹಬ್ಬ, ಎರಡನೆಯದು ಭೂತಾಯಿಯ ಹಬ್ಬ. ಹೊಟ್ಟೆಗೂ ಮನಸ್ಸಿಗೂ ಇರುವ ನಂಟಿನ ಒಂದೊಂದು ಎಳೆ ಈ ಎರಡರಲ್ಲೂ ಸಿಗುತ್ತದೆ.

ದತ್ತ ಜಯಂತಿಗೆ ಮುಂಚಿನ ವಾರ ದತ್ತಭಕ್ತರ ಮನೆಗಳಲ್ಲಿ ‘ಗುರುಚರಿತ್ರೆ’ಯ ಪಾರಾಯಣ ನಡೆಯುವುದು ವಾಡಿಕೆ. ಗಾಣಗಾಪುರದ ನರಸಿಂಹ ಸರಸ್ವತಿಗಳ ಮಹಿಮೆಯನ್ನು ಹೇಳುವ ಈ ಮರಾಠಿ ಗ್ರಂಥದಲ್ಲಿ ಒಂದು ವಿಚಿತ್ರ ಪ್ರಸಂಗವಿದೆ. ತೀವ್ರ ಹೊಟ್ಟೆಶೂಲೆಯಿಂದ ನರಳುವ ಬ್ರಾಹ್ಮಣನೊಬ್ಬ ಉಂಡರೆ ನೋವೆಂದು ಊಟವನ್ನೇ ಹೆಚ್ಚುಕಡಿಮೆ ಬಿಟ್ಟಿರುತ್ತಾನೆ. ಕಡೆಗೆ ಬದುಕೇ ಸಾಕೆಂದು ಗೋದಾವರಿಯ ದಡಕ್ಕೆ ಬರುತ್ತಾನೆ. ಗುರುಗಳು ಅವನನ್ನು ತಡೆದು, ಸಾಯಂದೇವನೆಂಬ ಅಧಿಕಾರಿಯ ಮನೆಯಲ್ಲಿ ಹೊಟ್ಟೆತುಂಬ ಉಣಿಸುವಂತೆ ಹೇಳುತ್ತಾರೆ. ಉಂಡರೆ ಸತ್ತೇಹೋದಾನು ಎಂದು ಸಾಯಂದೇವನಿಗೆ ಅಂಜಿಕೆ. ಆದರೂ ಎಲ್ಲರೊಡನೆ ಪಂಕ್ತಿಯಲ್ಲಿ ಕೂತು ಉಂಡ ಬ್ರಾಹ್ಮಣ ಗುಣವಾಗುತ್ತಾನೆ. ಈ ಸಾಯಂದೇವ ಆಳಂದ ತಾಲ್ಲೂಕಿನ ಕಡಗಂಚಿಯವನೆಂದು ಸಂಪ್ರದಾಯ ಹೇಳುತ್ತದೆ.

ಪವಾಡವನ್ನು ನಂಬುವುದು, ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಮಾಸದ ಹೊಟ್ಟೆಬೇನೆ ಮನುಷ್ಯನ ಬದುಕುವ ಆಸೆಯನ್ನೇ ಕಿತ್ತುಕೊಳ್ಳಬಲ್ಲದು ಎಂಬುದನ್ನು ಕಥೆ ಕಟ್ಟಿದವರು ಕಣ್ಣಾರೆ ಕಂಡಿರಬೇಕು. ಅವನನ್ನು ಹೇಡಿಯೆಂದು ಅವರು ಜರೆಯಲಿಲ್ಲ, ನಾಲ್ಕು ಜನರ ನಡುವೆ ಕೂರಿಸಿ ಬಡಿಸಿದರು.

ಕನ್ನಡದ ಮಾತುಗಳಿಗೂ ಈ ತಿಳಿವಳಿಕೆ ಹೊಸದಲ್ಲ. ಅಸೂಯೆ ನಮಗೆ ‘ಹೊಟ್ಟೆಕಿಚ್ಚು’, ಸಂಕಟ ‘ಹೊಟ್ಟೆಯುರಿ’. ಕ್ಷಮಿಸು ಎನ್ನುವುದಕ್ಕೆ ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವೆ. ಮಕ್ಕಳ ನೋವಿಗೆ ಚುರುಕ್ ಎನ್ನುವುದು ತಾಯಿಯ ಕರುಳು. ಚರಕ ಸಂಹಿತೆಯಂತೂ ಇದನ್ನು ವೈದ್ಯದ ಮಾತಾಗಿಯೇ ಹೇಳಿದೆ: ಹಿತವಾದ ಆಹಾರವನ್ನು ಹಿತಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ನಿದ್ದೆಗೇಡು ಇದ್ದವನಿಗೆ ಅದು ಜೀರ್ಣವಾಗದು.

ಪಶ್ಚಿಮದ ವೈದ್ಯರಿಗೆ ಇದು ಕಣ್ಣಿಗೆ ಬಿದ್ದದ್ದು ಒಂದು ಅವಘಡದಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಗೆ ಆಕಸ್ಮಿಕವಾಗಿ ಗುಂಡೇಟು ಬಿತ್ತು. ಪ್ರಾಣ ಉಳಿದರೂ ಜಠರದ ತೂತು ಮುಚ್ಚಲೇ ಇಲ್ಲ. ಸೇನಾವೈದ್ಯ ವಿಲಿಯಂ ಬ್ಯೂಮಾಂಟ್ ವರ್ಷಗಟ್ಟಲೆ ಆ ಕಿಂಡಿಯಲ್ಲಿ ಇಣುಕಿ, ರೋಗಿ ಸಿಟ್ಟಾದಾಗ ಜೀರ್ಣಕ್ರಿಯೆ ಕೆಡುವುದನ್ನು ಕಂಡು 1833ರಲ್ಲಿ ಪುಸ್ತಕ ಬರೆದ. (ಆ ಬಡವನನ್ನು ಪ್ರಯೋಗದ ವಸ್ತುವಾಗಿ ನಡೆಸಿಕೊಂಡ ಬಗೆ ಮಾತ್ರ ಮೆಚ್ಚುವಂಥದಲ್ಲ.) ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಮಿಕ್ಕಿ ನರಕೋಶಗಳಿವೆ ಎಂಬುದು ಈಗ ಗೊತ್ತಿದೆ. ಅಲ್ಲಿನ ಸುದ್ದಿಯನ್ನು ಮಿದುಳಿಗೂ ಮಿದುಳಿನ ಆದೇಶವನ್ನು ಹೊಟ್ಟೆಗೂ ಮುಟ್ಟಿಸುವ ದೊಡ್ಡ ತಂತಿ ವೇಗಸ್ ನರ. ಸ್ವಾರಸ್ಯವೆಂದರೆ, ಅದರ ಎಳೆಗಳಲ್ಲಿ ಹೆಚ್ಚಿನವು ಕೆಳಗಿನಿಂದ ಮೇಲಕ್ಕೆ ವರದಿ ಒಯ್ಯುವಂಥವು.

ಕರುಳಿನಲ್ಲಿರುವ ಸೂಕ್ಷ್ಮಜೀವಿಗಳಿಗೂ ಇದರಲ್ಲಿ ಪಾಲಿದೆ. ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ನೊಬುಯುಕಿ ಸುದೊ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಹೊಟ್ಟೆಯಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳು ಸಂಕಟಕ್ಕೆ ಸಿಕ್ಕಾಗ ಬೇರೆಯವಕ್ಕಿಂತ ವಿಪರೀತವಾಗಿ ಕಂಗೆಟ್ಟವು. ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಒದಗಿಸಿದಾಗ ಅವುಗಳ ದೇಹದ ಪ್ರತಿಕ್ರಿಯೆ ಹದಕ್ಕೆ ಬಂತು. ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ 90 ಪಾಲು ಕರುಳಿನಲ್ಲೇ ತಯಾರಾಗುತ್ತದೆ ಎಂಬ ಮಾತನ್ನೂ ಈಗ ಎಲ್ಲೆಡೆ ಕೇಳುತ್ತೇವೆ. ಮಾತು ನಿಜ. ಆದರೆ ಅದು ನೇರವಾಗಿ ಮಿದುಳಿಗೆ ಹೋಗಲಾರದು, ಮಿದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಡಬ್ಬಿಗಳಲ್ಲಿ ಸಂತೋಷ ಮಾರುವ ಜಾಹೀರಾತುಗಳು ಇಷ್ಟನ್ನು ಹೇಳುವುದಿಲ್ಲ.

ಇನ್ನು ಎಳ್ಳಮಾವಾಸ್ಯೆಯ ಬುತ್ತಿ. ಅದರಲ್ಲಿ ಮುಖ್ಯವಾದವು ಭಜ್ಜಿ ಮತ್ತು ಅಂಬಲಿ. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಕಡಲೆ, ಅವರೆ, ಬಟಾಣಿ, ನಾಲ್ಕಾರು ಸೊಪ್ಪು ತರಕಾರಿಗಳನ್ನು ಒಟ್ಟಿಗೆ ಬೇಯಿಸಿದ ಪಲ್ಯ. ಜೋಳದ ಗಂಜಿಗೆ ಮಜ್ಜಿಗೆ ಸೇರಿಸಿ, ಹುಳಿ ಬರಿಸಿ, ಬೆಳ್ಳುಳ್ಳಿ ಜೀರಿಗೆ ಹಾಕಿದರೆ ಅಂಬಲಿ. ಬಡವರ ಆಹಾರವಾದರೂ ಮರ್ಯಾದೆ ಪಡೆದದ್ದು ಇದು. ಶಿವನು ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಚೋಳರಾಜನ ನೈವೇದ್ಯಕ್ಕಿಂತ ಮೆಚ್ಚಿ ಉಂಡನೆಂದು ಶಿವಶರಣರ ಕಥೆ ಸಾರುತ್ತದೆ. ಈ ಬುತ್ತಿಯನ್ನು ಇಂದಿನ ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಒಂದರಲ್ಲಿ ಸೂಕ್ಷ್ಮಜೀವಿಗಳಿಗೆ ಮೇವಾಗುವ ನಾರು, ಇನ್ನೊಂದರಲ್ಲಿ ಸೂಕ್ಷ್ಮಜೀವಿಗಳೇ.

2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಹುದುಗು ಬಂದ ಆಹಾರವನ್ನು ಹೆಚ್ಚಾಗಿ ಉಂಡವರ ಕರುಳಿನ ಜೀವಿವೈವಿಧ್ಯ ಹೆಚ್ಚಿ, ದೇಹದ ಉರಿಯೂತದ ಲಕ್ಷಣಗಳು ತಗ್ಗಿದವು. ಆಸ್ಟ್ರೇಲಿಯಾದಲ್ಲಿ 67 ಮಂದಿ ಖಿನ್ನತೆಯ ರೋಗಿಗಳ ಮೇಲೆ 12 ವಾರ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕಾಳು ತರಕಾರಿಗಳ ಊಟಕ್ಕೆ ಬದಲಿಸಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನ ಚೇತರಿಸಿಕೊಂಡರು. ಬರೀ ಸಾಂಗತ್ಯ ಸಿಕ್ಕವರಲ್ಲಿ ನೂರಕ್ಕೆ 8. ಅವರಲ್ಲಿ ಬಹುಪಾಲು ಮಂದಿ ಬೇರೆ ಚಿಕಿತ್ಸೆಯನ್ನೂ ಪಡೆಯುತ್ತಿದ್ದರು ಎಂಬುದನ್ನು ಮರೆಯಬಾರದು. ಅಂಬಲಿ ಕುಡಿದರೆ ಖಿನ್ನತೆ ಹೋಗುತ್ತದೆಂದು ಯಾರೂ ತೋರಿಸಿಕೊಟ್ಟಿಲ್ಲ, ಮಾತ್ರೆ ನಿಲ್ಲಿಸಿ ಅಂಬಲಿ ಹಿಡಿಯುವುದು ಅಪಾಯದ ಕೆಲಸ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ನಮ್ಮ ಹಳ್ಳಿಗಳಲ್ಲಿ ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ದವಾಖಾನೆಗೆ ಬರುವವರು ವಿರಳ. ಹೊಟ್ಟೆಯುರಿ, ಗ್ಯಾಸು, ಹಸಿವಿಲ್ಲ ಎಂದೇ ಬರುತ್ತಾರೆ. ಮನಸ್ಸಿನ ಕಾಯಿಲೆಗೆ ಅಂಟಿದ ಅವಮಾನ ಹೊಟ್ಟೆಯ ಕಾಯಿಲೆಗಿಲ್ಲ. ಹಾಗೆಂದು ಅದು ನಟನೆಯಲ್ಲ, ನೋವು ನಿಜವಾಗಿಯೂ ಹೊಟ್ಟೆಯಲ್ಲೇ ಇರುತ್ತದೆ. ಬಿಡುವಿಲ್ಲದ ವೈದ್ಯರು ಗ್ಯಾಸಿನ ಗುಳಿಗೆ ಬರೆದುಕೊಟ್ಟರೆ ರೋಗಿ ಮುಂದಿನ ವಾರ ಇನ್ನೊಂದು ದವಾಖಾನೆಯ ಬಾಗಿಲಲ್ಲಿರುತ್ತಾನೆ.

ಇಂಥವರನ್ನು ಊರ ಹತ್ತಿರದಲ್ಲೇ ಗುರುತಿಸಬೇಕೆಂಬ ಪ್ರಯತ್ನ ಕರ್ನಾಟಕದಲ್ಲೂ ನಡೆದಿದೆ. 1980ರ ದಶಕದ ಮಧ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಪತ್ತೆಹಚ್ಚುವ ತರಬೇತಿ ಕೊಟ್ಟಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಹೊಟ್ಟೆನೋವೆಂದು ಬಂದವರನ್ನು ‘ರಾತ್ರಿ ನಿದ್ದೆ ಹತ್ತುತ್ತದೆಯೇ, ಮನೆಯಲ್ಲಿ ಏನಾದರೂ ಚಿಂತೆಯೇ’ ಎಂದು ವಿಚಾರಿಸಲು ಹೆಚ್ಚೆಂದರೆ ಐದು ನಿಮಿಷ ಬೇಕು. ಹೊರರೋಗಿಗಳ ಸಾಲು ಬಾಗಿಲಾಚೆಗೂ ಬೆಳೆದಿರುವ ಕಡೆ ಆ ಐದು ನಿಮಿಷವೇ ದುರ್ಲಭ.